ಅಕ್ಕನ ಮೊಣಕಾಲು, ನಾಯಿಯ ಹಿಂಗಾಲು

ಅಕ್ಕನ ಮೊಣಕಾಲಿನ ಆಪರೇಷನ್ ಆದದ್ದೂ ನಮ್ಮ ನಾಯಿಯ ಹಿಂಗಾಲುಗಳು ಬಿದ್ದುಹೋದದ್ದೂ ಒಂದೇ ಮಳೆಗಾಲದಲ್ಲಿ. ಅಕ್ಕನದು ಮೊದಲೇ ಗೊತ್ತಿದ್ದ ಸಂಗತಿ. ಆಸ್ಪತ್ರೆ, ರಜೆ, ವಾಕರ್ ಎಲ್ಲ ಹೊಂದಿಸಿಟ್ಟಿದ್ದೆವು. ನಾಯಿಯದು ಹೇಳದೆ ಕೇಳದೆ ಬಂತು. ಒಂದು ಬೆಳಿಗ್ಗೆ ಏಳಲು ಹೋದ, ಮುಂದಿನ ಅರ್ಧ ಎದ್ದಿತು, ಹಿಂದಿನ ಅರ್ಧ ನೆಲಕ್ಕೇ ಅಂಟಿಕೊಂಡಿತು. ಇದು ಯಾರದೋ ಕಾಲು ಎಂಬಂತೆ ಹಿಂದೆ ತಿರುಗಿ ನೋಡಿದ.

ಬೇಗಂಪೇಟೆಯ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ನಾವು ಅಕ್ಕತಂಗಿಯರಿಬ್ಬರೇ. ಮೂಲ ಕಲಬುರಗಿ. ಇಬ್ಬರಿಗೂ ಮದುವೆ ಆಗಲಿಲ್ಲ. ಆ ಕುರಿತು ಮನೆಯಲ್ಲಿ ಮಾತಾಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಅಕ್ಕ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ನಾನು ದಿನಾ ಕೊಂಡಾಪುರದ ಕಚೇರಿಗೆ ಹೋಗಿ ಬರುವವಳು. ನಾಯಿಯನ್ನು ಮರಿಯಿದ್ದಾಗ ರೈಲ್ವೆ ಸ್ಟೇಷನ್ನಿನ ಗೋಡೆ ಪಕ್ಕದಿಂದ ಎತ್ತಿ ತಂದವಳು ಅಕ್ಕ. ಕರಿ ಬೆಕ್ಕನ್ನು ಶಾಲೆಯ ಅಡುಗೆ ಕೋಣೆಯಿಂದ ತಂದವಳೂ ಅವಳೇ. ಕಂದು ಬೆಕ್ಕು ಮಾತ್ರ ತಾನಾಗಿ ಬಂದು ಅಕ್ಕನ ಹಾಸಿಗೆಯ ಕಾಲ್ದೆಸೆಯಲ್ಲಿ ಮಲಗಿತು, ಎಬ್ಬಿಸುವ ಧೈರ್ಯ ಯಾರಿಗೂ ಆಗಲಿಲ್ಲ. ತಂದವಳು ಅವಳಾದರೂ, ಅವಳು ಹಾಸಿಗೆ ಹಿಡಿದ ಮೇಲೆ ಎಲ್ಲರೂ ನನ್ನ ಪಾಲಿಗೆ ಬಂದರು.

ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ನಾಯಿ ಮನೆಯೊಳಗೆ ಹೊಲಸು ಮಾಡುವವನಲ್ಲ. ಕಾಲು ಹೋದರೂ ಆ ಮರ್ಯಾದೆ ಹೋಗಿರಲಿಲ್ಲ. ಹೀಗಾಗಿ ಬೆಳಿಗ್ಗೆ ಹಳೆಯ ಚಾದರದಲ್ಲಿ ಅವನ ಹೊಟ್ಟೆಗೆ ಜೋಲಿ ಕಟ್ಟಿ, ಎದೆಗೆ ಅವಚಿಕೊಂಡು ಮೆಟ್ಟಿಲಿಳಿಯುತ್ತಿದ್ದೆ. ಕೆಳಗೆ ಬೇವಿನ ಮರದ ಬುಡದಲ್ಲಿ ಜೋಲಿ ಎತ್ತಿ ಹಿಡಿದು ನಿಂತರೆ, ಅವನು ಆಚೆ ಈಚೆ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಕೆಲಸ ಮುಗಿಸುತ್ತಿದ್ದ. ಮತ್ತೆ ಹೊತ್ತು ಮೇಲೆ ತರುವುದು. ಅಷ್ಟರಲ್ಲಿ ಬೆಕ್ಕುಗಳು ಬಾಗಿಲ ಹತ್ತಿರ ಕೂತು ಕೂಗುತ್ತಿರುತ್ತಿದ್ದವು. ಅವಕ್ಕೆ ಮೀನು ಬೇಯಿಸಬೇಕು, ಅವು ಹೊಲಸು ಮಾಡುವ ಮಣ್ಣಿನ ತಟ್ಟೆ ಬಳಿಯಬೇಕು, ಅಕ್ಕನನ್ನು ಬಚ್ಚಲಿಗೆ ಕರೆದೊಯ್ಯಬೇಕು, ಮೊಣಕಾಲಿಗೆ ಐಸ್ ಇಡಬೇಕು. ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತಾಗಲೇ ನನಗೆ ವಿಶ್ರಾಂತಿ. ನನ್ನ ಕಪ್ಪು ಕುರ್ತಾಕ್ಕೆ ಅಂಟಿದ ನಾಯಿಯ ಬಿಳಿ ಕೂದಲನ್ನು ಸಹೋದ್ಯೋಗಿಗಳು ಹೆಕ್ಕಿ ಕೊಡುತ್ತಿದ್ದರು.

ಅಕ್ಕ ಹಾಲ್‌ನಲ್ಲಿ ಮಲಗಿಕೊಂಡೇ ಮನೆ ನಡೆಸುತ್ತಿದ್ದಳು. "ಅವಗ ನೀರ ಇಟ್ಟಿಯೇನ? ಕರೀದು ಮುಂಜಾನಿಂದ ಏನೂ ತಿಂದಿಲ್ಲ ನೋಡು. ಮೀನಿನ್ಯಾಗ ಮುಳ್ಳು ಬಿಟ್ಟೀಯೇನ?"

"ಎಲ್ಲಾ ಮಾಡೀನಿ. ನೀ ನಿನ್ನ ಕಾಲು ಮಡಚು ಮೊದಲು."

"ನೋಯ್ತದ. ನಾಳೆ ಮಾಡ್ತೀನಿ."

ಫಿಸಿಯೋಥೆರಪಿಗೆ ಬರುತ್ತಿದ್ದ ಹುಡುಗಿ ಹಿಂದಿಯಲ್ಲಿ ಮೆತ್ತಗೆ ಹೇಳಿ ನೋಡಿದಳು, ಗದರಿ ನೋಡಿದಳು. ಮೂವತ್ತು ವರ್ಷ ಮಕ್ಕಳನ್ನು ಗದರಿಸಿದವಳಿಗೆ ಅದೆಲ್ಲ ತಾಗಲಿಲ್ಲ. ಅಕ್ಕ ಬಚ್ಚಲಿನಿಂದಾಚೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಅದೇ ಹುಡುಗಿ ಹೋಗುವಾಗ ನಾಯಿಯ ಪಕ್ಕ ಕೂತು ಅವನ ಹಿಂಗಾಲುಗಳನ್ನೂ ಮಡಚಿ ಚಾಚುತ್ತಿದ್ದಳು. ಅವನು ತಕರಾರಿಲ್ಲದೆ ಅವಳ ಕೈ ನೆಕ್ಕುತ್ತಿದ್ದ. "ಇವನೇ ಒಳ್ಳೆಯ ಪೇಷೆಂಟ್" ಎಂದು ಅವಳು ನಕ್ಕಾಗ ಅಕ್ಕ ಮುಖ ಗೋಡೆಗೆ ತಿರುಗಿಸಿಕೊಂಡಳು.

ಹೀಗೇ ಮಳೆಗಾಲ ಮುಗಿಯುತ್ತ ಬಂತು. ಒಂದು ಬೆಳಿಗ್ಗೆ ನಾಯಿಯನ್ನು ಹೊತ್ತು ಮೇಲೆ ಬರುತ್ತಿದ್ದೆ. ಮೊದಲ ಮಹಡಿ ದಾಟಿ ತಿರುವಿಗೆ ಬಂದಾಗ ಉಸಿರಿಗಾಗಿ ಮೆಟ್ಟಿಲ ಮೇಲೆ ಕೂತೆ. ಕೂತವಳಿಗೆ ಏಳಲಾಗಲಿಲ್ಲ. ನೋವೇನೂ ಇರಲಿಲ್ಲ. ಕಾಲುಗಳು ಮಾತು ಕೇಳಲಿಲ್ಲ, ಅಷ್ಟೆ. ನಾಯಿ ನನ್ನ ತೊಡೆಯ ಮೇಲೆ ಒದ್ದೆ ಮೂಗಿಟ್ಟು ಸುಮ್ಮನೆ ಮಲಗಿದ. ಕಚೇರಿಗೆ ಹೊತ್ತಾಗುತ್ತಿತ್ತು, ಒಲೆಯ ಮೇಲೆ ಹಾಲಿತ್ತು, ಫೋನ್ ಮನೆಯಲ್ಲೇ ಇತ್ತು. ಇಷ್ಟೆಲ್ಲ ನೆನಪಾದರೂ ಕೂತೇ ಇದ್ದೆ. ಅಳು ಬಂತು. ಕಣ್ಣು ಒರೆಸಿಕೊಳ್ಳಲೂ ಬೇಸರವಾಯಿತು.

ಸ್ವಲ್ಪ ಹೊತ್ತಿಗೆ ಕಂದು ಬೆಕ್ಕು ಮೆಟ್ಟಿಲಿಳಿದು ಬಂತು. ನಾನು ಬಾಗಿಲು ಸರಿಯಾಗಿ ಹಾಕಿರಲಿಲ್ಲ. ನಮ್ಮಿಬ್ಬರನ್ನೂ ಮೂಸಿ ನೋಡಿ, ಇನ್ನೂ ಕೆಳಗೆ ಹೋಗುವುದೋ ಬೇಡವೋ ಎಂದು ಕೂತುಕೊಂಡಿತು. ಹಿಂದೆಯೇ ಮೇಲಿಂದ ವಾಕರ್‌ನ ಸದ್ದು. ಟಕ್, ಆಮೇಲೆ ಚಪ್ಪಲಿ ಎಳೆದ ಸದ್ದು, ಮತ್ತೆ ಟಕ್. ಕತ್ತೆತ್ತಿ ನೋಡಿದರೆ ಅಕ್ಕ. ನೈಟಿಯ ಮೇಲೊಂದು ಟವೆಲ್ ಹೊದ್ದು, ಹೊಸ್ತಿಲು ದಾಟಿ, ಮೆಟ್ಟಿಲ ಅಂಚಿನವರೆಗೆ ಬಂದು ನಿಂತಿದ್ದಳು. ಮುಖವೆಲ್ಲ ಬೆವರು.

"ಬೆಕ್ಕು ಹೊರಗ ಹೋತು. ರಸ್ತೆಕ್ಕ ಹೋದ್ರ ಗಾಡಿ ಕೆಳಗ ಬೀಳ್ತದಂತ ಬಂದೆ," ಅಂದಳು. ಆಮೇಲೆ ನನ್ನ ಮುಖ ನೋಡಿದಳು. "ಯಾಕ, ಏನಾಗ್ಯದ ನಿನಗ?"

"ಏನಿಲ್ಲ. ಏಳಾಕ ಆಗವಲ್ದು."

"ಬಿದ್ದಿಯೇನ?"

"ಬಿದ್ದಿಲ್ಲ ಅಕ್ಕಾ. ಭಾಳ ದಣಿವಾಗ್ಯದ."

ಸಮಾಧಾನದ ಮಾತು ಅಕ್ಕನಿಗೆ ಮೊದಲಿಂದಲೂ ಬರುವುದಿಲ್ಲ. ವಾಕರ್ ಹಿಡಿದು ಅಲ್ಲೇ ನಿಂತಳು, ಕಾಲು ನಡುಗುತ್ತಿದ್ದರೂ ಒಳಗೆ ಹೋಗಲಿಲ್ಲ. ಆಮೇಲೆ ಗಟ್ಟಿಯಾಗಿ ತೆಲುಗಿನಲ್ಲಿ ಎದುರು ಮನೆಯವರನ್ನು ಕೂಗಿದಳು. ನಮ್ಮ ಬೆಕ್ಕುಗಳ ಮೇಲೆ ಮೂರು ಸಲ ಸೊಸೈಟಿಗೆ ದೂರು ಕೊಟ್ಟಿದ್ದ ಹೆಂಗಸು ಅವರು. ಬಾಗಿಲು ತೆರೆದು ನೋಡಿ, ಒಳಗೆ ಹೋಗಿ ಗಂಡನನ್ನು ಕರೆತಂದರು. ಆತ ನಾಯಿಯನ್ನು ಹೊತ್ತುಕೊಂಡ, ಆಕೆ ನನ್ನ ತೋಳು ಹಿಡಿದರು. ಬೆಕ್ಕು ಎಲ್ಲರಿಗಿಂತ ಮುಂದೆ ಮನೆ ಸೇರಿತು. ಹಾಲು ಉಕ್ಕಿ, ಒಲೆ ಆರಿಹೋಗಿತ್ತು.

ಆ ದಿನ ಕಚೇರಿಗೆ ಹೋಗಲಿಲ್ಲ. ಸಂಜೆ ಎದ್ದಾಗ ಅಕ್ಕ ಮಂಚದ ಅಂಚಿನಲ್ಲಿ ಕೂತು ಹಲ್ಲು ಕಚ್ಚಿಕೊಂಡು ಕಾಲು ಮಡಚುತ್ತಿದ್ದಳು. "ನೋಡಾಕತ್ತಿಯೇನ? ಹೋಗಿ ಚಾ ಮಾಡು," ಅಂದಳು. ಮರುದಿನ ಬಾಲ್ಕನಿಯಲ್ಲಿ ದೊಡ್ಡ ತಟ್ಟೆಗೆ ಮಣ್ಣು, ಹುಲ್ಲು ಹಾಕಿಸಿದಳು. ಬೇವಿನ ಮರದ ಬದಲು ಅಲ್ಲಿ ಕೆಲಸ ಮುಗಿಸುವುದನ್ನು ಒಪ್ಪಲು ನಾಯಿ ಒಂದು ವಾರ ತೆಗೆದುಕೊಂಡ. ನಾಚಿಕೆಯಿಂದ ಕಿವಿ ಹಿಂದೆ ಮಾಡಿ, ಕೊನೆಗೆ ಒಪ್ಪಿದ. ಮೆಟ್ಟಿಲಿನ ಕೆಲಸ ತಪ್ಪಿತು. ಮಿಕ್ಕವು ತಪ್ಪಲಿಲ್ಲ.

ಅಕ್ಕ ದೀಪಾವಳಿ ಹೊತ್ತಿಗೆ ಕೋಲು ಹಿಡಿದು ನಡೆದಳು. ನಾಯಿಗೆ ಕಾಲು ಬರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ, ಬಾಲ್ಕನಿಯ ಬಿಸಿಲಲ್ಲಿ ಮಲಗಿದ್ದವನು ಏಳಲಿಲ್ಲ. ಕರಿ ಬೆಕ್ಕು ಅವನ ಹೊಟ್ಟೆಗೆ ಒತ್ತಿಕೊಂಡು ಮಲಗಿತ್ತು. ನಾವು ಅವನನ್ನು ಎತ್ತುವವರೆಗೂ ಅದು ಅಲುಗಲಿಲ್ಲ. ನಾಯಿಗಳನ್ನು ದಹನ ಮಾಡುವ ಜಾಗಕ್ಕೆ ಆಟೋದಲ್ಲಿ ಹೋದೆವು. ಅಕ್ಕನೂ ಬಂದಳು, ಬೇಡವೆಂದರೂ ಕೇಳಲಿಲ್ಲ. ದಾರಿಯುದ್ದಕ್ಕೂ ಅವನ ತಲೆ ಅವಳ ತೊಡೆಯ ಮೇಲಿತ್ತು, ಆಪರೇಷನ್ ಆದ ಕಾಲಿನ ಮೇಲೆ.

ಮನೆಗೆ ಬಂದವಳೇ ಮಲಗಿದೆ. ಅಳಬೇಕು ಅಂದುಕೊಂಡಿದ್ದೆ. ಅಳುವಿಗಿಂತ ಮೊದಲು ನಿದ್ದೆ ಬಂತು, ಎಷ್ಟೋ ತಿಂಗಳಿಂದ ಕಾದಿದ್ದಂಥ ನಿದ್ದೆ. ಎಚ್ಚರವಾದಾಗ ಬೆಳಕು ಕರಗುತ್ತಿತ್ತು. ಅಡುಗೆಮನೆಯಲ್ಲಿ ಅಕ್ಕ ಕೋಲನ್ನು ಗೋಡೆಗೆ ಒರಗಿಸಿ, ಬೆಕ್ಕುಗಳ ಮೀನಿನ ಮುಳ್ಳು ಬಿಡಿಸುತ್ತ ನಿಂತಿದ್ದಳು.

"ಮಲ್ಕೋ," ಅಂದಳು, ಹಿಂದೆ ತಿರುಗದೆ. "ನಾ ಮಾಡ್ತೀನಿ."