ಸಾವಿರ ವ್ಯಾಟಿನ ಪೆಟ್ಟಿಗೆ

ಹೊಳೆನರಸೀಪುರದಲ್ಲಿ ನನ್ನದೊಂದು ಮದುವೆ ವಿಡಿಯೋ ಸ್ಟುಡಿಯೋ ಇದೆ. ಎಷ್ಟೋ ವರ್ಷದಿಂದ ನನ್ನ ಕಂಪ್ಯೂಟರನ್ನು ನಾನೇ ಬಿಚ್ಚಿ ಕಟ್ಟುತ್ತೇನೆ ಎಂಬ ಜಂಭವಿತ್ತು. ಆ ಜಂಭಕ್ಕಿಷ್ಟು ಬೆಂಕಿ ಬೀಳಲಿ.

ಹಳೇಕೋಟೆ ಕಡೆಯ ಹುಡುಗಿಯೊಬ್ಬಳ ಮದುವೆಯನ್ನು ಚನ್ನರಾಯಪಟ್ಟಣದ ಛತ್ರದಲ್ಲಿ ತೆಗೆದಿದ್ದೆ. ಮೂರೇ ವಾರಕ್ಕೆ ಅವಳ ಅಪ್ಪ ತೀರಿಕೊಂಡರು. ಕಾರ್ಯ ಮುಗಿದ ಮೇಲೆ ಅವಳು ಸ್ಟುಡಿಯೋಗೆ ಬಂದಳು.

“ಧಾರೆ ಒತ್ನಲ್ಲಿ ಅಪ್ಪ ನನ್ ಕಿವೀಲಿ ಏನೋ ಯೋಳ್ತು ಸಾ. ಓಲಗದ ಸದ್ದಿಗೆ ಕೇಳುಸ್ನಿಲ್ಲ. ಅದೊಂದ್ ತಗ್ದುಕೊಡಿ, ಸಾಕು.”

ಒಪ್ಪಿಕೊಂಡೆ. ಪಕ್ಕದಲ್ಲೇ ಇದ್ದ ಮದುಮಗನ ಅಂಗಿಗೆ ಸಿಕ್ಕಿಸಿದ್ದ ಮೈಕಿನಲ್ಲಿ ಆ ಮಾತು ಇದ್ದೇ ಇರುತ್ತದೆ. ಗದ್ದಲದಿಂದ ಮಾತನ್ನು ಬೇರೆ ಮಾಡುವ ಸಾಫ್ಟ್‌ವೇರ್ ಬೇಗ ಓಡಲೆಂದು ಎರಡನೆಯ ಗ್ರಾಫಿಕ್ಸ್ ಕಾರ್ಡನ್ನೂ ಹಾಕಿದ್ದೆ. ಆದರೆ ಎರಡೂ ಕಾರ್ಡುಗಳು ಒಟ್ಟಿಗೆ ಕೆಲಸಕ್ಕಿಳಿದ ಕೂಡಲೇ ಕಂಪ್ಯೂಟರ್ ತಟಕ್ಕನೆ ಆರಿಹೋಗುತ್ತಿತ್ತು. ಒಂದನ್ನು ಕಿತ್ತಿಟ್ಟು ಇನ್ನೊಂದರಲ್ಲೇ ನಿಧಾನಕ್ಕೆ ಮಾಡಬಹುದಿತ್ತು. ಮಾಡಲಿಲ್ಲ.

ಹಾಸನದ ಅಂಗಡಿಯವನಿಗೆ ಹೇಳಿದೆ. “ಒಂದೊಂದ್ ಕಾರ್ಡು ಮುನ್ನೂರು ವ್ಯಾಟ್ ಎಳೀತದೆ ಸಾ. ಎರಡೂ ಒಂದೇ ಸಲ ಎದ್ರೆ ಅದ್ರ ಮ್ಯಾಲೂ ಎಳೀತವೆ. ನಿಮ್ಮ ಆರ್ನೂರೈವತ್ತರ ಪವರ್ ಸಪ್ಲೈ ಎಲ್ಲಿಗ್ ಸಾಲ್ತದೆ? ಸಾವಿರದ್ದು ಆಕಿ. ಕೇಬಲ್ಲೂ ಈ ಬಾಕ್ಸಲ್ಲಿರೋದ್ನೇ ಆಕಿ, ಅಳೇದು ಬ್ಯಾಡ,” ಎಂದ. ನನಗೇ ಹೇಳಿಕೊಡುತ್ತಾನಲ್ಲ ಎಂದುಕೊಂಡು ಸಾವಿರ ವ್ಯಾಟಿನ ಪೆಟ್ಟಿಗೆ ಎತ್ತಿಕೊಂಡು ಬಂದೆ.

ಹಳೆಯ ಕೇಬಲ್ಲುಗಳನ್ನು ಕ್ಯಾಬಿನೆಟ್ಟಿನ ಬೆನ್ನಿಗೆ ಅಚ್ಚುಕಟ್ಟಾಗಿ ಕಟ್ಟಿದ್ದೆ. ಬಿಚ್ಚಲು ಸೋಮಾರಿತನ. ಹೊಸ ಪೆಟ್ಟಿಗೆಗೆ ಕಾರ್ಡುಗಳ ಕೇಬಲ್ಲು ಮಾತ್ರ ಹೊಸದು ಹಾಕಿ, ಹಾರ್ಡ್ ಡಿಸ್ಕುಗಳಿಗೆ ಹಳೆಯದನ್ನೇ ಸಿಕ್ಕಿಸಿದೆ. ಸಲೀಸಾಗಿ ಕೂತಿತು. ಪ್ಲಗ್ಗಿನ ಒಳಗೆ ತಂತಿಗಳ ಜಾಗ ಒಂದೊಂದು ಕಂಪನಿಯದು ಒಂದೊಂದು ಥರ ಎಂಬುದು ಸ್ವಿಚ್ ಒತ್ತಿ, ಸುಟ್ಟ ವಾಸನೆ ಬಂದ ಮೇಲೆ ತಿಳಿಯಿತು. ಆ ಮದುವೆಯ ವಿಡಿಯೋದ ಅಸಲು ಒಂದು ಡಿಸ್ಕಿನಲ್ಲಿ, ನಕಲು ಇನ್ನೊಂದರಲ್ಲಿ. ಎರಡೂ ಅದೇ ಕೇಬಲ್ಲಿನಲ್ಲಿದ್ದವು. ಕ್ಯಾಮೆರಾದ ಮೆಮೊರಿ ಕಾರ್ಡನ್ನು ಅರಕಲಗೂಡಿನ ಇನ್ನೊಂದು ಮದುವೆಗೆಂದು ಆಗಲೇ ಅಳಿಸಿದ್ದೆ. ಸತ್ತ ಡಿಸ್ಕಿನಿಂದ ಡೇಟಾ ತೆಗೆಯುವವರೂ ಕೈಚೆಲ್ಲಿದರು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಈಗಲೂ ಆಗುತ್ತದೆ.

ಅವಳು ಬಂದಾಗ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಎಲ್ಲವನ್ನೂ ಹೇಳಿದೆ. ಅವಳು ಬೈದಿದ್ದರೆ ಚೆನ್ನಾಗಿತ್ತು.

“ಧಾರೆ ಒತ್ನಲ್ಲೇ ‘ಏನಪ್ಪಾ’ ಅಂತ ಇನ್ನೊಂದ್ಸಲ ಕೇಳಕ್ಕೆ ತಿರುಗಿದ್ದೆ ಸಾ,” ಎಂದಳು. “ನೀವು, ‘ಅತ್ತ ತಿರುಗ್ಬ್ಯಾಡಮ್ಮ, ಕ್ಯಾಮೆರಾ ನೋಡು, ಎಲ್ಲಾ ರೆಕಾರ್ಡ್ ಆಯ್ತದೆ’ ಅಂದ್ರಿ.”

ಹಾಗೆ ಅಂದದ್ದು ನನಗೆ ನೆನಪಿಲ್ಲ. ಪ್ರತಿ ಮದುವೆಯಲ್ಲೂ ಅನ್ನುತ್ತೇನೆ.