ಚಾಚಾ ಕರಕೊಂಡು ಹೋದ ಸಾಕ್ಷಿ

ಕೆಲಸ ಬಿಟ್ಟು ಹೊಂಟವನನ್ನ ಹೊರಗ ಹಾಕೋದು ಹ್ಯಾಂಗ? ನಿಮಗ ಹೇಳಾಕ ಆಗಂಗಿಲ್ಲ. ನಮ್ಮ ಜೇವರ್ಗಿ ಬೇಳೆ ಮಿಲ್ಲಿನ ಸಾಹೇಬರಿಗೆ ಗೊತ್ತಿತ್ತು.

ಮೈಕಿನಾಗ ಸಾಹೇಬರ ಹಂಗ ದನಿ ತೆಗೆದು "ಇವತ್ತ ಸೂಟಿ" ಅಂತ ಕೂಗಿದವ ನಾನು. ವಿಚಾರಣೆ ಬಂದಿದ್ದು ಮೈಕ್ ನೋಡಿಕೊಳ್ಳೋ ಖಾಜಾ ಚಾಚಾರ ಮ್ಯಾಲೆ. ಅವರು ರಾಜೀನಾಮೆ ಕೊಟ್ಟು ನೋಟಿಸಿನ ತಿಂಗಳು ಮುಗಿಸಾಕತ್ತಿದ್ದರು. ತಪ್ಪು ಸಾಬೀತಾದರ ಹೊಸ ಕೆಲಸಕ್ಕ ಬೇಕಾದ ಅನುಭವ ಪತ್ರ ಸಿಗತಿರಲಿಲ್ಲ.

"ಆರೋಪ ಬರೆದು ಕೊಡ್ರಿ. ಜೋಡಿ ಒಬ್ಬ ಕೆಲಸಗಾರನ್ನ ಕರಕೊಂಡು ಬರೋ ಹಕ್ಕು ನನಗೈತ್ರಿ," ಅಂತ ಸಾಹೇಬರಿಗೆ ಹೇಳಿದ ಚಾಚಾ ನನ್ನ ಹೆಗಲ ಮ್ಯಾಲೆ ಕೈ ಇಟ್ಟರು. "ನೀ ಬಾರಲೇ, ನೀ ಸುಳ್ಳು ಹೇಳಂಗಿಲ್ಲ."

"ಕೂಗಿದವ ಯಾರಲೇ?" ವಿಚಾರಣೆಯಾಗ ಸಾಹೇಬರು ನನ್ನನ್ನ ಕೇಳಿದರು.

ನಾ ಎದ್ದು ಅವರದೇ ದನಿಯಾಗ "ನಾನೇ" ಅಂದೆ. ಎಲ್ಲಾರೂ ನಕ್ಕರು, ಚಾಚಾಗ ಪತ್ರ ಸಿಕ್ತು.

ಈ ಕಡೀ ಮಾತು, ಆ ನಗು, ಆ ಪತ್ರ ಎಲ್ಲಾ ನಾ ಕಟ್ಟಿದ್ದು. ಖರೇ ಅಂದ್ರ, "ಗೊತ್ತಿಲ್ರಿ" ಅಂದೆ. ಅದು ಮಾತ್ರ ನನ್ನ ಸ್ವಂತ ದನಿ.