ದಾರಿ ತಪ್ಪದ ಭೂಮಿ

"ದಿಲ್ಲಿಯಲ್ಲಿ ಯಾವುದು ಬೇಕಾದರೂ ದಾರಿ ತಪ್ಪಲಿ, ನನ್ನ ಭೂಮಿ ಮಾತ್ರ ತಪ್ಪೋದಿಲ್ಲ" ಎಂದು ಜಗನ್ನಾಥರು ಮಯೂರ್ ವಿಹಾರದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದರು. ತರಕಾರಿ ಭಯ್ಯಾನಿಗೂ ಹೇಳಿದ್ದರು. ಆತ ಅಚ್ಛಾ ಎಂದು ಹಸಿಮೆಣಸಿನಕಾಯಿ ಒಂದಿಷ್ಟು ಹೆಚ್ಚಿಗೆ ಹಾಕಿದ್ದ.

ಆ ಭೂಮಿ ಇದ್ದದ್ದು ಅವರ ಲ್ಯಾಪ್‌ಟಾಪಿನೊಳಗೆ. ಸರ್ಕಾರಿ ಸಂಶೋಧನಾ ಕಚೇರಿಯಲ್ಲಿ ಗ್ರಹಗಳ ಚಲನೆಯ ಸಮೀಕರಣ ಬಿಡಿಸುತ್ತಲೇ ನಿವೃತ್ತರಾದ ಅವರು ಮದುವೆಯೆಂಬ ಸಮೀಕರಣಕ್ಕೆ ಕೈ ಹಾಕಿರಲಿಲ್ಲ. ಫ್ಲಾಟಿನಲ್ಲಿ ಮೌನ ಎಷ್ಟಿತ್ತೆಂದರೆ, ಫ್ರಿಜ್ ಗೊರಕೆ ನಿಲ್ಲಿಸಿದರೆ ಅವರಿಗೆ ಎಚ್ಚರವಾಗುತ್ತಿತ್ತು. ತಪ್ಪು ವಿಳಾಸಕ್ಕೆ ಪಾರ್ಸೆಲ್ ತಂದವನನ್ನೂ ಕೂರಿಸಿ, ಚಹಾ ಕುಡಿಸಿ ಕಳಿಸುತ್ತಿದ್ದರು.

ಕಚೇರಿಯ ಸಹೋದ್ಯೋಗಿ ಪವನ್, ಭೂಮಿಯನ್ನು ಸೂರ್ಯನ ಸುತ್ತ ಓಡಿಸಲು ಬರೆದಿದ್ದ ಪ್ರೋಗ್ರಾಂ ಪ್ರತಿ ಹೆಜ್ಜೆಯನ್ನೂ ಬಲು ನಾಜೂಕಾಗಿ ಇಡುತ್ತಿತ್ತು. ಆದರೆ ಅದರ ಕೂದಲೆಳೆಯಷ್ಟು ತಪ್ಪುಗಳೆಲ್ಲ ಒಂದೇ ಕಡೆಗೆ ಸೇರಿ, ಲಕ್ಷಾಂತರ ವರ್ಷ ಓಡಿಸಿದಾಗ ಭೂಮಿ ಸುರುಳಿ ಸುತ್ತುತ್ತ ಸೂರ್ಯನನ್ನು ಬಿಟ್ಟು ಪ್ಲೂಟೋ ಮನೆಗೆ ಕಾಫಿಗೆ ಹೊರಟಿತ್ತು. ಜಗನ್ನಾಥರ ವಿಧಾನ ಒರಟು. ಮೊದಲು ವೇಗ ಬದಲಿಸು, ಆ ಹೊಸ ವೇಗದಿಂದ ಜಾಗ ಬದಲಿಸು, ಆ ಹೊಸ ಜಾಗದಿಂದ ಮತ್ತೆ ವೇಗ. ಸಾಂಬಾರನ್ನು ಬಟ್ಟಲಿನಿಂದ ಲೋಟಕ್ಕೆ ಸುರಿದ ಹಾಗೆ, ಜಾಗ ಮತ್ತು ವೇಗ ಸೇರಿ ಆವರಿಸುವ ಹರವಿನ ಆಕಾರ ಬದಲಾದರೂ ಅಳತೆ ಬದಲಾಗದು. ಶಕ್ತಿ ಕೊಂಚ ತೂಗಾಡಿ ಮತ್ತೆ ಮೊದಲಿನ ಮಟ್ಟಕ್ಕೇ ಬರುತ್ತದೆ. ಭೂಮಿ ಕಕ್ಷೆ ಬಿಡುವುದಿಲ್ಲ.

ಇದನ್ನು ಪೂರ್ತಿ ಕೇಳಿಸಿಕೊಂಡವರು ಲೀಲಾವತಿ ಒಬ್ಬರೇ. ಎದುರಿನ ಹೌಸಿಂಗ್ ಸೊಸೈಟಿಯವರು, ಕೇಂದ್ರ ಸಚಿವಾಲಯದಿಂದ ನಿವೃತ್ತರು, ಅವರೂ ಒಂಟಿ. ಭಾನುವಾರ ಸಂಜೆ ಜಯಾನಂದರ ಹೋಟೆಲಿನ ಕಿಟಕಿ ಪಕ್ಕದ ಮೇಜು ಈ ಇಬ್ಬರದು. ಯುಗಾದಿಯ ದಿನ ಲೀಲಾವತಿ ಲ್ಯಾಪ್‌ಟಾಪಿನತ್ತ ಬಗ್ಗಿ, "ನಿಮ್ಮ ಭೂಮಿಗೂ ಇವತ್ತು ಯುಗಾದಿನಾ?" ಎಂದು ಕೇಳಿದರು. ನೋಡಿದರೆ, ಲಕ್ಷಾಂತರ ವರ್ಷ ಹಿಂದಿನಿಂದ ಹೊರಟ ಭೂಮಿ ಕಕ್ಷೆಯ ಮೇಲೇನೋ ಇದೆ, ಆದರೆ ಇನ್ನೂ ದೀಪಾವಳಿಯ ಹತ್ತಿರ ತೆವಳುತ್ತಿದೆ. ದಾರಿ ತಪ್ಪದ ವಿಧಾನ ವೇಳೆ ಮಾತ್ರ ತಪ್ಪುತ್ತದೆ.

ಲೀಲಾವತಿ ನಕ್ಕರು. ಆಮೇಲೆ ನಗು ನಿಲ್ಲಿಸಿ, ತಂಗಿ ಧಾರವಾಡಕ್ಕೆ ಬಂದು ಇರು ಎನ್ನುತ್ತಿದ್ದಾಳೆ, ಹೋಗಲೋ ಬೇಡವೋ ನೀವೇ ಹೇಳಿ ಎಂದರು.

ಹೋಗಬೇಡಿ ಎಂಬುದು ಜಗನ್ನಾಥರ ನಾಲಿಗೆಯ ತುದಿಯಲ್ಲಿತ್ತು. ಬಾಯಿಂದ ಹೊರಟಿದ್ದು ಧಾರವಾಡದ ಹವೆ ಒಳ್ಳೆಯದು ಎಂಬ ಮಾತು. ಮುಂದಿನ ಭಾನುವಾರ ಹೇಳೋಣವೆಂದುಕೊಂಡರು. ಅಂದು ಮಾತು ಯಮುನೆಯ ನೊರೆಯ ಮೇಲೆ ಹೋಯಿತು, ಅದರ ಮರುವಾರ ಮೆಟ್ರೋದ ನೂಕುನುಗ್ಗಲಿನ ಮೇಲೆ.

ಕೊನೆಗೊಂದು ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಆ ಒಂದೇ ಪದವನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತ ಬಂದರು. ಎದುರಿನ ಕುರ್ಚಿ ಖಾಲಿ. ಲೀಲಾವತಿ ಬೆಳಿಗ್ಗೆಯ ರೈಲಿಗೆ ಹೊರಟರೆಂದು ಜಯಾನಂದ ತಿಳಿಸಿದರು. ಸ್ಟೇಷನ್ನಿಗೆ ಹೋಗುವ ಮುನ್ನ ಹೋಟೆಲಿಗೆ ಬಂದಿದ್ದರಂತೆ. ಜಗನ್ನಾಥರಿಗೆ ಫೋನು ಮಾಡಿ ಎಂದು ಜಯಾನಂದ ಹೇಳಿದ್ದಕ್ಕೆ, ಮಾಡಿದರೆ ಉಳಿದುಬಿಡುತ್ತೇನೆ ಎಂದರಂತೆ.

ಜಯಾನಂದ ಕಾಫಿ ತಂದಿಟ್ಟರು. ಲೋಟ ಒಂದೇ.

"ಎಂತ ಮಾರಾಯ್ರೇ, ನಿಮ್ಮ ಭೂಮಿ ದಾರಿ ತಪ್ಪೋದೇ ಇಲ್ಲ ಅಂತಿದ್ರಲ್ಲ?"

ಜಗನ್ನಾಥರು ಲೋಟವನ್ನು ಹತ್ತಿರ ಎಳೆದುಕೊಂಡರು.

"ತಪ್ಪಿಲ್ಲ ಜಯಾನಂದರೇ. ಸರಿಯಾದ ಮೇಜಿಗೇ ಬಂದಿದೆ. ಯುಗಾದಿ ಮುಗಿದುಹೋಗಿದೆ, ಅಷ್ಟೇ."